ದಪ್ಪ ಸಮ ಆದ ಮಾತ್ರಕ್ಕೆ ಹಲಗೆ ನೇರ ಆಗುವುದಿಲ್ಲ

"ಸರ್, ಹೊಸ ಮೆಷಿನ್‌ನಲ್ಲೇ ಏನೋ ದೋಷ ಇದೆ. ಎಷ್ಟು ಸಲ ಹಾಕಿದರೂ ಹಲಗೆ ಬಾಗಿಕೊಂಡೇ ಹೊರಗೆ ಬರ್ತಿದೆ."

ಈ ಮಾತು ಕೇಳಿ ಕೇಳಿ ನನಗೆ ಬಾಯಿಪಾಠ ಆಗಿದೆ. ಮರಗೆಲಸ ನನ್ನ ಕಸುಬು. ಮನೆಯಲ್ಲೇ ಚಿಕ್ಕ ವರ್ಕ್‌ಶಾಪ್ ಮಾಡಿಕೊಳ್ಳುವವರಿಗೆ ಮೆಷಿನ್ ಆರಿಸಿಕೊಡುವುದು, ಹೊಂದಿಸಿಕೊಡುವುದು ಅದರ ಜೊತೆಗೇ ಬಂದ ಕೆಲಸ. ಹೀಗೆ ಫೋನ್ ಮಾಡಿದವರ ಮನೆಗೆ ಹೋಗಿ ನೋಡಿದರೆ ಹೆಚ್ಚಿನ ಸಲ ಮೆಷಿನ್ ಚೆನ್ನಾಗೇ ಇರುತ್ತದೆ. ಹಲಗೆಯ ಮೇಲ್ಮೈ ಕೆರೆದು ದಪ್ಪ ಇಳಿಸುವ ಈ ಮೆಷಿನ್, ಅಂದರೆ ಥಿಕ್ನೆಸ್ ಪ್ಲೇನರ್, ಯಾವ ಕೆಲಸಕ್ಕೆ ಅಂತ ಕೊಳ್ಳುವಾಗ ಯಾರೂ ಅವರಿಗೆ ಬಿಡಿಸಿ ಹೇಳಿರುವುದಿಲ್ಲ. ನನಗೆ ಬೇಸರ ಆಗುವುದು ಅದಕ್ಕೇ.

ಒಬ್ಬ ನಿವೃತ್ತ ಮೇಷ್ಟ್ರು ಪುಸ್ತಕದ ಕಪಾಟು ಮಾಡಲು ಹೊರಟಿದ್ದರು. ಒಳ್ಳೆಯ ಮರ, 40 ಮಿ.ಮೀ. ದಪ್ಪದ ಹಲಗೆಗಳು. ಒಂದು ಹಲಗೆ ಉದ್ದಕ್ಕೂ ಬಿಲ್ಲಿನ ಹಾಗೆ ಸ್ವಲ್ಪ ಬಾಗಿತ್ತು. ನೇರ ಆಗಲಿ ಅಂತ ಪ್ಲೇನರ್‌ಗೆ ಹಾಕಿದರು, ತಿರುಗಿಸಿ ಹಾಕಿದರು, ಮತ್ತೆ ಹಾಕಿದರು. ನಾನು ಹೋಗುವ ಹೊತ್ತಿಗೆ ಆ ಹಲಗೆ 17 ಮಿ.ಮೀ.ಗೆ ಇಳಿದಿತ್ತು. ಬಾಗು ಮಾತ್ರ ಹಾಗೇ ಇತ್ತು. ಮೇಷ್ಟ್ರು ವರ್ನಿಯರ್ ಕ್ಯಾಲಿಪರ್ ಹಿಡಿದು ನಾಲ್ಕೂ ಮೂಲೆ ಅಳೆದು ತೋರಿಸಿದರು. "ನೋಡಿ, ಎಲ್ಲ ಕಡೆಯೂ ಸಮ. ಆದರೂ ಯಾಕೆ ಹೀಗೆ?"

ಅವರು ತೋರಿಸಿದ್ದರಲ್ಲೇ ಉತ್ತರ ಇತ್ತು. ಎಲ್ಲ ಕಡೆ ದಪ್ಪ ಸಮ ಮಾಡುವುದೇ ಆ ಮೆಷಿನ್‌ನ ಕೆಲಸ, ಅದನ್ನು ಅದು ಚೊಕ್ಕವಾಗಿ ಮಾಡಿತ್ತು. ದಪ್ಪ ಸಮ ಇರುವುದು ಬೇರೆ, ಹಲಗೆ ಮಟ್ಟಸ ಇರುವುದು ಬೇರೆ. ಸುರುಳಿ ಸುತ್ತಿಕೊಂಡ ಕ್ಯಾಲೆಂಡರ್ ಹಾಳೆಯೂ ಎಲ್ಲ ಕಡೆ ಒಂದೇ ದಪ್ಪ ಇರುತ್ತದೆ, ಅಲ್ವಾ?

ಒಳಗೆ ಏನು ನಡೆಯುತ್ತದೆ ನೋಡಿ. ಹಲಗೆ ಒಳಗೆ ಹೋದ ಕೂಡಲೇ ಮೊದಲ ರೋಲರ್ ಅದನ್ನು ಟೇಬಲ್‌ಗೆ ಒತ್ತಿ ಹಿಡಿದು ಮುಂದೆ ತಳ್ಳುತ್ತದೆ. ಬ್ಲೇಡ್ ಕೂರಿಸಿದ, ಗಿರ್ರನೆ ತಿರುಗುವ ಕಟರ್ ಹೆಡ್ ಮೇಲ್ಮೈಯನ್ನು ಕೆರೆಯುತ್ತದೆ. ಎರಡನೇ ರೋಲರ್ ಹಿಡಿದು ಹೊರಗೆ ಎಳೆಯುತ್ತದೆ. ರೋಲರ್ ಒತ್ತಿದಾಗ ಬಾಗಿದ ಹಲಗೆ ಟೇಬಲ್‌ಗೆ ಅಂಟಿಕೊಂಡು ನೇರ ಆಗುತ್ತದೆ. ಬ್ಲೇಡ್ ನೋಡುವುದು ಆ ನೇರ ಹಲಗೆಯನ್ನು. ಹೊರಗೆ ಬಂದ ಮೇಲೆ ಒತ್ತಡ ಹೋಯಿತು, ಹಲಗೆ ಮತ್ತೆ ತನ್ನ ಆಕಾರಕ್ಕೆ ಮರಳಿತು. ಬಾಗಿದ ಪ್ಲಾಸ್ಟಿಕ್ ಸ್ಕೇಲನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿ ನೋಡಿ. ಕೈ ಇರುವ ತನಕ ನೇರ, ತೆಗೆದರೆ ಮತ್ತೆ ಬಾಗು.

ಇಲ್ಲಿ ಜನರನ್ನು ದಾರಿ ತಪ್ಪಿಸುವ ಇನ್ನೊಂದು ವಿಷಯ ಇದೆ. ಕೆಲವೊಮ್ಮೆ ಪ್ಲೇನರ್ ಬಾಗನ್ನು ನಿಜಕ್ಕೂ ಕಡಿಮೆ ಮಾಡುತ್ತದೆ. ಹಲಗೆ ದಪ್ಪ ಇದ್ದು, ಗಿಡ್ಡ ಇದ್ದು, ಬಾಗು ಅಲ್ಪ ಇದ್ದರೆ ರೋಲರ್‌ಗೆ ಅದನ್ನು ಪೂರ್ತಿ ಒತ್ತಲು ಆಗುವುದಿಲ್ಲ. ಆಗ ಬ್ಲೇಡ್ ಉಬ್ಬಿದ ಜಾಗವನ್ನು ಸ್ವಲ್ಪ ಹೆಚ್ಚು ಕೆರೆಯುತ್ತದೆ. ಒಮ್ಮೆ ಹೀಗಾದರೆ ಸಾಕು, ಮೆಷಿನ್ ನೇರ ಮಾಡುತ್ತದೆ ಅಂತ ನಂಬಿಕೆ ಬಂದುಬಿಡುತ್ತದೆ. ಆದರೆ ಹಲಗೆ ತೆಳುವಾದಷ್ಟೂ ರೋಲರ್‌ಗೆ ಬಗ್ಗಿಕೊಡುತ್ತದೆ. ಮೇಷ್ಟ್ರು 40ರಿಂದ 17ಕ್ಕೆ ಇಳಿಸುತ್ತಾ ಹೋದ ಹಾಗೆಲ್ಲ ನೇರ ಆಗುವ ಸಾಧ್ಯತೆ ಕಡಿಮೆ ಆಗುತ್ತಲೇ ಹೋಯಿತು.

ಹಾಗಾಗಿ ಯಾವ ಪ್ಲೇನರ್ ತಗೊಳ್ಳಲಿ ಅಂತ ಕೇಳಿದರೆ ನಾನು ಮೊದಲು ಮಾಡೆಲ್ ಹೆಸರು ಹೇಳುವುದಿಲ್ಲ. ಒಂದು ಪ್ರಶ್ನೆ ಕೇಳುತ್ತೇನೆ: ಹಲಗೆಯ ಮೊದಲ ಮುಖವನ್ನು ಯಾವುದರಲ್ಲಿ ಮಟ್ಟ ಮಾಡುತ್ತೀರಿ? ಒಂದು ಮುಖ ಮಟ್ಟಸ ಇದ್ದರೆ ಅದನ್ನು ಟೇಬಲ್ ಮೇಲೆ ಕೂರಿಸಿ ಎರಡನೇ ಮುಖವನ್ನು ಅದಕ್ಕೆ ಸಮಾನಾಂತರ ಮಾಡಿಕೊಡುತ್ತದೆ ಪ್ಲೇನರ್. ಮೊದಲ ಮುಖದ ಹೊಣೆ ನಿಮ್ಮದು.

ಅದಕ್ಕೆ ಜಾಯಿಂಟರ್ ಅಂತ ಬೇರೆ ಮೆಷಿನ್ ಇದೆ. ಉಜ್ಜುಗೊರಡಿನಲ್ಲಿ ಕೈಯಿಂದಲೇ ಮಾಡಬಹುದು. ಎರಡೂ ಕೆಲಸ ಮಾಡುವ ಜೋಡಿ ಮೆಷಿನ್‌ಗಳೂ ಇವೆ. ಜಾಗ ಉಳಿಯುತ್ತದೆ, ಎರಡೂ ಕೆಲಸಕ್ಕೆ ಒಂದೇ ಅಗಲ ಸಿಗುತ್ತದೆ. ಆದರೆ ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಟೇಬಲ್ ಎತ್ತಿ, ಧೂಳಿನ ಕವಚ ತಿರುಗಿಸಬೇಕು. ಆ ತಾಳ್ಮೆ ಇದ್ದವರಿಗೆ ಒಳ್ಳೆಯದು. ಇದ್ಯಾವುದೂ ಇಲ್ಲದಿದ್ದರೆ ಸ್ಲೆಡ್ ಇದೆ, ಅಂದರೆ ಹಲಗೆಯನ್ನು ಹೊತ್ತು ಅದರ ಜೊತೆಗೇ ಪ್ಲೇನರ್ ಒಳಗೆ ಹೋಗುವ ಮಟ್ಟಸ ಅಡಿಹಲಗೆ. ಮನೆ ವರ್ಕ್‌ಶಾಪ್‌ಗೆ ನನಗೆ ಬಹಳ ಇಷ್ಟವಾದ ದಾರಿ ಇದು, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

18 ಮಿ.ಮೀ. ಪ್ಲೈವುಡ್‌ನ ಒಂದು ಮಟ್ಟಸ ತುಂಡು ತಗೊಳ್ಳಿ. ಅಗಲ ಪ್ಲೇನರ್ ಬಾಯಿಗಿಂತ ಚೂರು ಕಡಿಮೆ, ಉದ್ದ ನಿಮ್ಮ ಹಲಗೆಗಿಂತ ಚೂರು ಜಾಸ್ತಿ. ಮೊದಲು ಒಳಗೆ ಹೋಗುವ ತುದಿಗೆ ಒಂದು ಮರದ ಪಟ್ಟಿ ಅಂಟಿಸಿ. ಅಂಟಿಸಲೇಬೇಕು, ಮೊಳೆ ಸ್ಕ್ರೂ ಬೇಡ. ಪಟ್ಟಿಯ ಎತ್ತರ ಹಲಗೆಯ ಕೊನೆಯ ದಪ್ಪಕ್ಕಿಂತ ಕಡಿಮೆ ಇರಲಿ, ಇಲ್ಲದಿದ್ದರೆ ಬ್ಲೇಡ್ ಅದನ್ನೇ ಹಿಡಿಯುತ್ತದೆ. ಹಲಗೆಯ ಗುಳಿ ಬಿದ್ದ ಮುಖ ಕೆಳಗೆ ಬರುವಂತೆ ಸ್ಲೆಡ್ ಮೇಲಿಟ್ಟು ಮೂಲೆಗಳನ್ನು ಬೆರಳಿನಿಂದ ಒತ್ತಿ. ಎಲ್ಲಿ ಟಕ್ ಟಕ್ ಅಂತ ಅಲ್ಲಾಡುತ್ತದೋ ಅಲ್ಲಿ ತೆಳು ಬೆಣೆ ಸೇರಿಸಿ. ಹಲಗೆ ಎತ್ತಿಕೊಳ್ಳುವಷ್ಟು ಬೆಣೆ ತುರುಕಬೇಡಿ, ಸಂದು ತುಂಬಿದರೆ ಸಾಕು. ನಡುವೆ ಸಂದು ಇದ್ದರೆ ಅಲ್ಲಿಗೂ ಒಂದು ಬೆಣೆ ಬೇಕು, ರೋಲರ್ ಅಲ್ಲೂ ಒತ್ತುತ್ತದೆ. ಬೆಣೆ ಜಾರದಂತೆ ಬಿಸಿ ಅಂಟಿನ ಒಂದೊಂದು ಹನಿ ಹಾಕಿ.

ಆಮೇಲೆ ಮೇಲ್ಮೈ ತುಂಬ ಪೆನ್ಸಿಲ್‌ನಿಂದ ಗೀಚಿ. ಅರ್ಧ ಮಿಲಿಮೀಟರ್‌ನಂತೆ ಕೆರೆಯುತ್ತಾ ಹೋಗಿ. ಮೊದಮೊದಲು ಬ್ಲೇಡ್ ಬರೀ ಎತ್ತರದ ಜಾಗಗಳನ್ನು ಮುಟ್ಟುತ್ತದೆ, ಸದ್ದಿನಲ್ಲೇ ಗೊತ್ತಾಗುತ್ತದೆ. ಬಿಟ್ಟು ಬಿಟ್ಟು ಬರುತ್ತಿದ್ದ ಸದ್ದು ನಿಧಾನಕ್ಕೆ ಒಂದೇ ಸಮ ಆಗುತ್ತದೆ. ಪೆನ್ಸಿಲ್ ಗೆರೆ ಪೂರ್ತಿ ಅಳಿಸಿದಾಗ ಮೊದಲ ಮುಖ ಮಟ್ಟ ಆಗಿದೆ. ಸ್ಲೆಡ್ ತೆಗೆದಿಡಿ, ಹಲಗೆ ಮಗುಚಿ, ಎಂದಿನಂತೆ ಓಡಿಸಿ.

ಇದರ ಇನ್ನೊಂದು ಲಾಭ ಅಗಲದ್ದು. ಮನೆಗೆ ಬರುವ ಚಿಕ್ಕ ಜಾಯಿಂಟರ್ ಸಾಮಾನ್ಯವಾಗಿ 6 ಇಂಚು ಅಗಲದ್ದು. ಮೇಜಿನ ಮೇಲಿಡುವ ಪ್ಲೇನರ್ 12ರಿಂದ 13 ಇಂಚು. ಎರಡನ್ನೂ ಕೊಂಡವರು 9 ಇಂಚಿನ ಹಲಗೆ ಬಂದಾಗ ಕೈಕಟ್ಟಿ ಕೂರುತ್ತಾರೆ. ಸ್ಲೆಡ್ ಇದ್ದರೆ ಪ್ಲೇನರ್‌ನ ಪೂರ್ತಿ ಅಗಲ ನಿಮ್ಮದು. ಒಂದನ್ನೇ ಕೊಳ್ಳಲು ಸಾಧ್ಯ ಅಂತಾದರೆ ಪ್ಲೇನರ್ ಮೊದಲು ಅಂತ ನಾನು ಹೇಳುವುದು ಇದಕ್ಕೇ. ಜಾಯಿಂಟರ್ ಮೊದಲು ಅನ್ನುವ ಅನುಭವಿಗಳೂ ಇದ್ದಾರೆ. ಗಿಡ್ಡ, ಕಿರಿದಾದ ಕೆಲಸವೇ ಹೆಚ್ಚು ಮಾಡುವವರಿಗೆ ಅವರ ಮಾತು ಸರಿ ಇರಬಹುದು.

ಮೋಟಾರ್ ಬಗ್ಗೆ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಈ ಅಳತೆಯ ಮೆಷಿನ್‌ಗಳಲ್ಲಿ ಶಕ್ತಿಯ ವ್ಯತ್ಯಾಸ ದೊಡ್ಡದಲ್ಲ. ಒಂದೇ ಸಲಕ್ಕೆ 3 ಮಿ.ಮೀ. ಕೆರೆಯುತ್ತದೆ ಅಂತ ಬರೆದಿದ್ದರೂ ಅದು ಕಿರಿದಾದ ಮೆದು ಹಲಗೆಗೆ. ಅಗಲದ ಗಟ್ಟಿ ಮರಕ್ಕೆ 1 ಮಿ.ಮೀ. ದಾಟಬೇಡಿ. ಮೋಟಾರ್‌ಗೂ ಒಳ್ಳೆಯದು, ಮೇಲ್ಮೈಗೂ ಒಳ್ಳೆಯದು.

ಬ್ಲೇಡ್ ಬಗ್ಗೆ ಮಾತ್ರ ಯೋಚಿಸಿ. ಎರಡು ಅಥವಾ ಮೂರು ಉದ್ದ ಬ್ಲೇಡ್ ಇರುವುದು ಒಂದು ಬಗೆ. ಚಿಕ್ಕ ಚಿಕ್ಕ ಚೌಕದ ಕಾರ್ಬೈಡ್ ಬಿಲ್ಲೆಗಳನ್ನು ಸುರುಳಿಯಾಗಿ ಜೋಡಿಸಿರುವುದು ಇನ್ನೊಂದು. ಬಿಲ್ಲೆಯದ್ದು ಸದ್ದು ಕಡಿಮೆ. ಎಳೆ ಅಡ್ಡಾದಿಡ್ಡಿ ಓಡುವ ಮರದಲ್ಲಿ ಎಳೆ ಕಿತ್ತು ಬರುವುದು ಕಡಿಮೆ. ಒಂದು ಬಿಲ್ಲೆ ಮುಕ್ಕಾದರೆ ಅದೊಂದನ್ನೇ ತಿರುಗಿಸಿದರೆ ಹೊಸ ಅಂಚು ಬರುತ್ತದೆ. ಬಿಲ್ಲೆ ಕೂರುವ ಜಾಗದಲ್ಲಿ ಒಂದು ಕಣ ಧೂಳೂ ಇರದಂತೆ ಒರೆಸಿಯೇ ಬಿಗಿಯಬೇಕು. ಬೆಲೆ ಹೆಚ್ಚು ಅನ್ನುವುದು ನಿಜ. ಉದ್ದ ಬ್ಲೇಡ್ ಕೊಂಡವರು ಬೇಜಾರು ಮಾಡಿಕೊಳ್ಳಬೇಕಿಲ್ಲ. ಮುಕ್ಕಾಗಿ ಹಲಗೆ ಮೇಲೆ ಉಬ್ಬುಗೆರೆ ಬೀಳುತ್ತಿದ್ದರೆ, ಪ್ಲಗ್ ಕಿತ್ತು, ಬ್ಲೇಡ್‌ಗೆ ಪಕ್ಕಕ್ಕೆ ಸರಿಯಲು ಜಾಗ ಇದ್ದರೆ ಒಂದನ್ನು ಕೂದಲೆಳೆಯಷ್ಟು ಸರಿಸಿ. ಒಂದು ಬಿಟ್ಟ ಗೆರೆಯನ್ನು ಇನ್ನೊಂದು ಕೆರೆದು ಹಾಕುತ್ತದೆ.

ತುದಿಯಲ್ಲಿ ಬೀಳುವ ತಗ್ಗಿನ ಬಗ್ಗೆಯೂ ದೂರು ಬರುತ್ತದೆ. ಸ್ನೈಪ್ ಅನ್ನುತ್ತಾರೆ. ಹಲಗೆಯ ಮೊದಲ ಮತ್ತು ಕೊನೆಯ ಎರಡು ಮೂರು ಇಂಚು ಒಂದೇ ರೋಲರ್ ಹಿಡಿತದಲ್ಲಿ ಇರುತ್ತದೆ. ಹೊರಗಿನ ಭಾಗ ತನ್ನ ಭಾರಕ್ಕೆ ಜಗ್ಗಿದರೆ ಒಳಗಿನ ತುದಿ ಎದ್ದು ಬ್ಲೇಡ್‌ಗೆ ತಾಗುತ್ತದೆ. ಮುಂದೆ ಹಿಂದೆ ಇರುವ ಚಾಚು ಟೇಬಲ್‌ಗಳ ಹೊರತುದಿಯನ್ನು ಒಂದು ನಾಣ್ಯದ ದಪ್ಪದಷ್ಟು ಎತ್ತರಿಸಿ ಹೊಂದಿಸಿದರೆ ಬಹಳ ಕಡಿಮೆ ಆಗುತ್ತದೆ. ಪೂರ್ತಿ ಹೋಗುತ್ತದೆ ಅಂತ ಭರವಸೆ ಕೊಡಲಾರೆ. ಹಲಗೆಯನ್ನು ಎರಡೂ ತುದಿಗೆ ನಾಲ್ಕು ಇಂಚು ಹೆಚ್ಚಿಗೆ ಇಟ್ಟುಕೊಂಡು ಕೊನೆಗೆ ಕತ್ತರಿಸಿ.

ಹೊಟ್ಟಿನ ಲೆಕ್ಕ ಯಾರೂ ಹಾಕುವುದಿಲ್ಲ. 20 ಸೆಂ.ಮೀ. ಅಗಲ, 2 ಮೀಟರ್ ಉದ್ದದ ಹಲಗೆಯಿಂದ ಒಟ್ಟು 5 ಮಿ.ಮೀ. ಕೆರೆದರೆ 2 ಲೀಟರ್ ಗಟ್ಟಿ ಮರ ಹೋಯಿತು. ಹತ್ತು ಹಲಗೆಗೆ 20 ಲೀಟರ್. ಸಡಿಲ ಹೊಟ್ಟಾದಾಗ ಅದು ಹಲವು ಪಟ್ಟು ಉಬ್ಬುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಇದಕ್ಕೆ ಸಾಲದು. ದೊಡ್ಡ ಚೀಲದ ಧೂಳು ಸಂಗ್ರಾಹಕ ಇಡಲು ಜಾಗ ಇದೆಯಾ ಅಂತ ಮೆಷಿನ್ ಕೊಳ್ಳುವ ಮೊದಲೇ ನೋಡಿಕೊಳ್ಳಿ. ಹೊಟ್ಟು ಸರಿಯಾಗಿ ಹೊರಗೆ ಹೋಗದಿದ್ದರೆ ರೋಲರ್ ಕೆಳಗೆ ಸಿಕ್ಕಿ ಹಲಗೆ ಮೇಲೆ ಚಿಕ್ಕ ಚಿಕ್ಕ ಗುಳಿ ಬೀಳುತ್ತವೆ. ಕಿವಿಗೆ ರಕ್ಷಣೆ ಹಾಕದೆ ಮಾತ್ರ ಇದನ್ನು ಓಡಿಸಬೇಡಿ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಎರಡು ರೋಲರ್‌ಗಳ ನಡುವಿನ ಅಂತರಕ್ಕಿಂತ ಗಿಡ್ಡ ಇರುವ ತುಂಡನ್ನು ಎಂದೂ ಹಾಕಬೇಡಿ. ಅದನ್ನು ಹಿಡಿಯುವವರು ಒಳಗೆ ಯಾರೂ ಇರುವುದಿಲ್ಲ, ಬ್ಲೇಡ್ ಎತ್ತಿ ಎಸೆಯುತ್ತದೆ. ಕನಿಷ್ಠ ಉದ್ದ ಎಷ್ಟು ಅಂತ ಆ ಮೆಷಿನ್‌ನ ಕೈಪಿಡಿಯಲ್ಲೇ ಇರುತ್ತದೆ, ಅದನ್ನೇ ಪಾಲಿಸಿ. ಹಲಗೆ ಸಿಕ್ಕಿಕೊಂಡಾಗ ಬಗ್ಗಿ ಒಳಗೆ ಇಣುಕುವ ಅಭ್ಯಾಸ ಬಹಳ ಜನರಿಗಿದೆ. ಮೊದಲು ಸ್ವಿಚ್ ಆರಿಸಿ, ಪ್ಲಗ್ ಕೀಳಿ, ಆಮೇಲೆ ನೋಡಿ.

ಮೇಷ್ಟ್ರ ಉಳಿದ ಹಲಗೆಗಳನ್ನು ನಾವಿಬ್ಬರೂ ಕೂತು ಸ್ಲೆಡ್ ಮೇಲೆ ಮಾಡಿದೆವು. ಎರಡೂ ಮುಖದಿಂದ ಹೆಚ್ಚುಕಡಿಮೆ ಸಮ ಕೆರೆದು, ಬೇಕಾದ ದಪ್ಪಕ್ಕಿಂತ 2 ಮಿ.ಮೀ. ಹೆಚ್ಚಿಗೆ ಬಿಟ್ಟು, ನಡುವೆ ಪಟ್ಟಿ ಇಟ್ಟು ಪೇರಿಸಿ ಎರಡು ದಿನ ಬಿಟ್ಟೆವು. ಒಳಗಿನ ಬಿಗಿ ಸಡಿಲ ಆದಾಗ ಮರ ಇನ್ನೊಮ್ಮೆ ಸ್ವಲ್ಪ ಹೊರಳುತ್ತದೆ. ಒಂದು ಹಲಗೆ ಹಾಗೇ ಹೊರಳಿತ್ತು. ಅದನ್ನು ಮತ್ತೆ ಸ್ಲೆಡ್‌ಗೆ ಹಾಕಬೇಕಾಯಿತು. ಮೂರನೇ ಹಲಗೆಯ ಹೊತ್ತಿಗೆ ಬೆಣೆ ಎಲ್ಲಿ ಬೇಕು ಅಂತ ಅವರ ಬೆರಳಿಗೇ ಗೊತ್ತಾಗುತ್ತಿತ್ತು. ನಾನು ಪಕ್ಕಕ್ಕೆ ನಿಂತು ನೋಡುತ್ತಿದ್ದೆ.

ಕೊಳ್ಳಲು ಹೊರಟವರು ಒಂದು ಮುಖ ಮಟ್ಟ ಮಾಡಿದ, ಎರಡಡಿ ಉದ್ದದ, ಅಗಲವಾದ ಹಲಗೆಯನ್ನು ಜೊತೆಗೆ ಒಯ್ಯಿರಿ. ಮೆಷಿನ್‌ನಲ್ಲಿ ಓಡಿಸಿ ತೋರಿಸಿ ಅನ್ನಿ. ಹೊರಬಂದ ಹಲಗೆಯ ಎಡ ಅಂಚು, ಬಲ ಅಂಚು ಎರಡನ್ನೂ ಕ್ಯಾಲಿಪರ್‌ನಲ್ಲಿ ಅಳೆಯಿರಿ. ವ್ಯತ್ಯಾಸ 0.1 ಮಿ.ಮೀ. ಒಳಗೆ ಇದ್ದರೆ ಮನೆ ಕೆಲಸಕ್ಕೆ ಧಾರಾಳ ಸಾಕು. ಅದಕ್ಕಿಂತ ಹೆಚ್ಚಿದ್ದರೆ ಕಟರ್ ಹೆಡ್ ಮತ್ತು ಟೇಬಲ್ ಸಮಾನಾಂತರ ಇಲ್ಲ. ಅದನ್ನು ಸರಿಹೊಂದಿಸುವ ವ್ಯವಸ್ಥೆ ಆ ಮೆಷಿನ್‌ನಲ್ಲಿ ಇದೆಯಾ, ಎಲ್ಲಿದೆ ಅಂತ ಅಲ್ಲೇ ಕೇಳಿ, ನಿಮ್ಮ ಎದುರೇ ಹೊಂದಿಸಿಕೊಡಲು ಹೇಳಿ.