ಮ್ಯಾಗ್ನೆಟೋಮೀಟರ್ ಸಾಕಲ್ವಾ ಅಂದವರಿಗೆ

ಆಕ್ಸೈಡ್‌ಗಳ ಮೇಲೆ ಕೆಲಸ ಶುರು ಮಾಡಿದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುತ್ತಾರೆ, ಲ್ಯಾಬಿನಲ್ಲೇ ಮ್ಯಾಗ್ನೆಟೋಮೀಟರ್ (ವಸ್ತುವಿನ ಒಟ್ಟು ಅಯಸ್ಕಾಂತತ್ವ ಅಳೆಯುವ ಯಂತ್ರ) ಇರುವಾಗ, ಸ್ಯಾಂಪಲ್ಲಿನ ಮೇಲೆ ನ್ಯೂಟ್ರಾನ್ ಹಾಯಿಸಿ ನೋಡಲು ರಿಯಾಕ್ಟರ್ ತನಕ ಯಾಕೆ ಹೋಗಬೇಕು ಅಂತ.

ಮ್ಯಾಂಗನೀಸ್ ಮೊನಾಕ್ಸೈಡನ್ನೇ ನೋಡಿ. ಸುಮಾರು 118 ಕೆಲ್ವಿನ್‌ಗಿಂತ ತಣ್ಣಗಾದರೆ ಅದರ ಸ್ಪಿನ್‌ಗಳು, ಅಂದರೆ ಪ್ರತಿ ಮ್ಯಾಂಗನೀಸ್ ಅಯಾನಿನ ಪುಟ್ಟ ಅಯಸ್ಕಾಂತಗಳು, ಅರ್ಧ ಈ ಕಡೆ, ಅರ್ಧ ಆ ಕಡೆ ತಿರುಗಿ ನಿಲ್ಲುತ್ತವೆ. ಕೂಡಿಸಿದರೆ ಸೊನ್ನೆ. ಹಗ್ಗಜಗ್ಗಾಟದಲ್ಲಿ ಎರಡೂ ಕಡೆ ಸಮಬಲವಾದರೆ ಹಗ್ಗ ಅಲ್ಲಾಡುವುದಿಲ್ಲ, ಹಾಗಂತ ಯಾರೂ ಎಳೆಯುತ್ತಿಲ್ಲ ಅಂತಲ್ಲ. ಮ್ಯಾಗ್ನೆಟೋಮೀಟರ್ ಹಗ್ಗವನ್ನು ಮಾತ್ರ ನೋಡುತ್ತದೆ. ಗ್ರಾಫಿನಲ್ಲಿ ಒಂದು ತಿರುವು ಸಿಗುತ್ತದೆ, ಅಷ್ಟೇ. ಯಾವ ಅಯಾನು ಯಾವ ಕಡೆ ಅನ್ನುವುದು ಸಿಗುವುದಿಲ್ಲ.

ನ್ಯೂಟ್ರಾನ್‌ಗೆ ಚಾರ್ಜ್ ಇಲ್ಲ, ಆದರೆ ಅದೇ ಒಂದು ಪುಟ್ಟ ಅಯಸ್ಕಾಂತ. ಹಾಗಾಗಿ ನ್ಯೂಕ್ಲಿಯಸ್ಸಿನಿಂದಲೂ ಚದುರುತ್ತದೆ, ಎಲೆಕ್ಟ್ರಾನುಗಳ ಸ್ಪಿನ್ನಿನಿಂದಲೂ ಚದುರುತ್ತದೆ. 1949ರಲ್ಲಿ ಅಮೆರಿಕದ ಓಕ್ ರಿಡ್ಜ್‌ನಲ್ಲಿ ಕ್ಲಿಫರ್ಡ್ ಶಲ್ ಮತ್ತು ಸ್ಯಾಮ್ಯುಯೆಲ್ ಸ್ಮಾರ್ಟ್ ಇದೇ ಮ್ಯಾಂಗನೀಸ್ ಮೊನಾಕ್ಸೈಡಿನ ಪುಡಿಯನ್ನು 80 ಕೆಲ್ವಿನ್‌ಗೆ ಇಳಿಸಿ ನೋಡಿದಾಗ, ಕೋಣೆಯ ತಾಪಮಾನದಲ್ಲಿ ಇಲ್ಲದ ಹೊಸ ಪೀಕ್‌ಗಳು (ಕೆಲವೇ ಕೋನಗಳಲ್ಲಿ ಹೆಚ್ಚು ನ್ಯೂಟ್ರಾನ್ ಚದುರಿ ಗ್ರಾಫಿನಲ್ಲಿ ಏಳುವ ಶಿಖರಗಳು) ಎದ್ದಿದ್ದವು. 1.24 ಆಂಗ್‌ಸ್ಟ್ರಾಮ್ ತರಂಗಾಂತರದ ನ್ಯೂಟ್ರಾನ್ ಬಳಸಿದರೆ ಅವುಗಳಲ್ಲಿ ಮೊದಲನೆಯದು 14 ಡಿಗ್ರಿ ಕೋನದ ಆಸುಪಾಸಿನಲ್ಲಿ ಬರುತ್ತದೆ, ಸ್ಫಟಿಕದ್ದೇ ಆದ ಮೊದಲ ಪೀಕ್ ಇರುವುದು 28ರ ಹತ್ತಿರ. ಕೋನ ಕಡಿಮೆಯಾದಷ್ಟೂ ಅದರ ಹಿಂದಿನ ಅಂತರ ದೊಡ್ಡದು. ಅಷ್ಟು ಕಡಿಮೆ ಕೋನದಲ್ಲಿ ಪೀಕ್ ಬಂತು ಅಂದರೆ ಅಯಸ್ಕಾಂತೀಯ ಯೂನಿಟ್ ಸೆಲ್ (ಮತ್ತೆ ಮತ್ತೆ ಬರುವ ಅತಿ ಚಿಕ್ಕ ಘಟಕ) ಪ್ರತಿ ದಿಕ್ಕಿನಲ್ಲೂ ಎರಡು ಪಟ್ಟು ದೊಡ್ಡದು ಅಂತ ಅರ್ಥ. 4.4 ಆಂಗ್‌ಸ್ಟ್ರಾಮ್ ಇದ್ದದ್ದು 8.8. ಸ್ಪಿನ್‌ಗಳು ಎದುರುಬದುರು ನಿಲ್ಲಬಹುದು ಎಂದು ಫ್ರೆಂಚ್ ಭೌತವಿಜ್ಞಾನಿ ಲೂಯಿ ನೀಲ್ 1930ರ ದಶಕದಲ್ಲಿ ಕಾಗದದ ಮೇಲೆ ಹೇಳಿದ್ದು ಹೀಗೆ ಕಣ್ಣಿಗೆ ಬಿತ್ತು. ಶಲ್‌ಗೆ ನೊಬೆಲ್ ಬಂದದ್ದು ಮಾತ್ರ 1994ರಲ್ಲಿ!

ಪುಡಿಯಿಂದ ಎಲ್ಲವೂ ತಿಳಿಯುತ್ತದೆ ಅಂದುಕೊಳ್ಳಬೇಡಿ. ಸ್ಪಿನ್‌ಗಳು ಘನದ ಅಂಚಿನ ಗುಂಟ ಇವೆ ಎಂದು ಶಲ್ ತಂಡ ಮೊದಲು ಅಂದುಕೊಂಡಿತ್ತು. ಇಲ್ಲ, ಅವು 111 ಪದರಗಳ (ಘನದ ಮೂಲೆಯಿಂದ ಮೂಲೆಗೆ ಹೋಗುವ ಕರ್ಣಕ್ಕೆ ಲಂಬವಾಗಿರುವ ಓರೆ ಪದರಗಳು) ಒಳಗೇ ಮಲಗಿವೆ ಎಂದು 1958ರಲ್ಲಿ ರಾತ್ ಎಂಬ ಸಂಶೋಧಕರು ತಿದ್ದಿದರು. ಪದರದೊಳಗೆ ಯಾವ ದಿಕ್ಕು ಅನ್ನುವುದನ್ನು ಪುಡಿಯ ಪೀಕ್‌ಗಳಿಂದ ಹೇಳಲು ಆಗುವುದಿಲ್ಲ, ಏಕೆಂದರೆ ಸಮಾನವಾದ ದಿಕ್ಕುಗಳೆಲ್ಲ ಒಂದೇ ಪೀಕ್‌ನಲ್ಲಿ ಬೆರೆತುಹೋಗುತ್ತವೆ. ಸಾಫ್ಟ್‌ವೇರ್ ಏನೋ ಒಂದು ಕೋನ ಕೊಡುತ್ತದೆ, ಅದನ್ನು ಸುಮ್ನೆ ಪೇಪರಿಗೆ ಹಾಕುವವರೇ ಜಾಸ್ತಿ.

ಇನ್ನೊಂದು, ಹೊಸ ಪೀಕ್ ಕಂಡ ಕೂಡಲೇ ಕುಣಿಯಬೇಡಿ. ಅದು ಬೇರೆ ಆಕ್ಸೈಡಿನ ಕಲಬೆರಕೆ ಇರಬಹುದು. ಬಿಸಿ ಮಾಡಿದಾಗ ಆ ಪೀಕ್ ಸರಿಯಾದ ತಾಪಮಾನದಲ್ಲಿ ಮಾಯವಾಗುತ್ತದಾ? ಕೋನ ಹೆಚ್ಚಿದಂತೆ ಅದೇ ಗುಂಪಿನ ಪೀಕ್‌ಗಳು ಬೇಗ ಸೊರಗುತ್ತವಾ? ಸ್ಪಿನ್ ಹೊತ್ತ ಎಲೆಕ್ಟ್ರಾನು ಮೋಡ ಹರಡಿಕೊಂಡಿರುವುದರಿಂದ ಹಾಗೆ ಸೊರಗಲೇಬೇಕು. ಮ್ಯಾಂಗನೀಸಿನದೇ ಇನ್ನೊಂದು ಆಕ್ಸೈಡ್, ಹೌಸ್ಮನೈಟ್, ಸುಮಾರು 42 ಕೆಲ್ವಿನ್‌ನಲ್ಲಿ ತನ್ನದೇ ಅಯಸ್ಕಾಂತೀಯ ಆಟ ಶುರು ಮಾಡುತ್ತದೆ. ಮ್ಯಾಗ್ನೆಟೋಮೀಟರ್ ಗ್ರಾಫಿನಲ್ಲಿ ಅಲ್ಲೊಂದು ಜಿಗಿತ ಕಂಡರೆ ಮೊದಲು ಅದರ ಮೇಲೆ ಅನುಮಾನಪಡಿ.

ಮುಂಬೈನ ಟ್ರಾಂಬೆಯಲ್ಲಿರುವ ಧ್ರುವ ರಿಯಾಕ್ಟರಿಗೆ ಸ್ಯಾಂಪಲ್ ಕಳಿಸುವವರು ಕೆಲವು ಗ್ರಾಂ ಪುಡಿ ಇಟ್ಟುಕೊಂಡಿರಿ, ಎಕ್ಸ್-ರೇಗೆ ಸಾಕಾಗುವ ಚಿಟಿಕೆ ಸಾಲದು. ಗ್ಯಾಡೋಲಿನಿಯಂ ಇರುವ ಆಕ್ಸೈಡಾದರೆ ಮೊದಲೇ ಹೇಳಿ. ಅದು ನ್ಯೂಟ್ರಾನ್‌ಗಳನ್ನೆಲ್ಲ ನುಂಗಿಬಿಡುತ್ತದೆ, ಡಿಟೆಕ್ಟರಿಗೆ ಏನೂ ಉಳಿಯುವುದಿಲ್ಲ.