ಸಾಗರತಳದ ಇಳಿಜಾರು ಜಾರಿದಾಗ ಹೈಡ್ರೇಟ್‌ನ ಪಾಲೆಷ್ಟು?

ಕಡಲಾಳದಲ್ಲಿ ಕೊಳವೆಮಾರ್ಗ ಹಾಯಿಸುವ ಮುನ್ನ, ಬಾವಿ ಕೊರೆಯುವ ಮುನ್ನ, ಅಲ್ಲಿನ ಇಳಿಜಾರು ನಿಲ್ಲುತ್ತದೆಯೇ ಜಾರುತ್ತದೆಯೇ ಎಂದು ಲೆಕ್ಕ ಹಾಕಿ ಹೇಳುವುದು ನಮ್ಮಂಥ ಭೂತಾಂತ್ರಿಕ ಎಂಜಿನಿಯರ್‌ಗಳ ಕೆಲಸ. ತಳದೊಳಕ್ಕೆ ಧ್ವನಿತರಂಗ ಕಳಿಸಿ, ಮರಳುವ ಪ್ರತಿಧ್ವನಿಯಿಂದ ಪದರಗಳನ್ನು ಮೂಡಿಸುವ ಭೂಕಂಪನ ಸಮೀಕ್ಷೆಯ ಚಿತ್ರದಲ್ಲಿ ಹೂಳಿನ ಪದರಗಳನ್ನು ಅಡ್ಡಹಾಯ್ದು, ತಳದ ಏರಿಳಿತವನ್ನೇ ಅನುಸರಿಸುವ ಗೆರೆಯೊಂದು ಕಂಡಿತೆಂದರೆ ಸಭೆಯ ಮಾತೆಲ್ಲ ಅನಿಲ ಹೈಡ್ರೇಟ್‌ನತ್ತ ಹೊರಳುತ್ತದೆ. ಆ ಗೆರೆ ಹೈಡ್ರೇಟ್ ಗಟ್ಟಿಯಾಗಿ ಉಳಿಯಬಲ್ಲ ವಲಯದ ಕೆಳಗಡಿಯನ್ನೂ ಅದರಡಿ ಸೇರಿಕೊಂಡ ಬಿಡಿ ಅನಿಲವನ್ನೂ ಸೂಚಿಸುತ್ತದೆ ಎಂಬುದು ನಿಜ. ಆದರೆ ಇಳಿಜಾರು ಅಪಾಯದಲ್ಲಿದೆ ಎಂದು ಅದೊಂದೇ ಹೇಳಲಾರದು.

ನೀರಿನ ಅಣುಗಳು ಕಟ್ಟಿದ ಪಂಜರದೊಳಗೆ ಮೀಥೇನ್ ಸಿಕ್ಕಿಕೊಂಡು, ಮಂಜುಗಡ್ಡೆಯಂತೆ ಗಟ್ಟಿಯಾದ ವಸ್ತುವೇ ಹೈಡ್ರೇಟ್. ಇದಕ್ಕೆ ತಂಪೂ ಬೇಕು, ಒತ್ತಡವೂ ಬೇಕು. ತಳದ ನೀರಿನ ಉಷ್ಣತೆಗೆ ತಕ್ಕಂತೆ ಸುಮಾರು 300ರಿಂದ 500 ಮೀಟರ್ ಆಳದಾಚೆಗಷ್ಟೇ ಅದು ಉಳಿಯುತ್ತದೆ. ಒಂದು ಘನಮೀಟರ್ ಹೈಡ್ರೇಟ್ ಒಡೆದರೆ ಸುಮಾರು 164 ಘನಮೀಟರ್ ಅನಿಲ ಬರುತ್ತದೆ ಎಂಬ ಅಂಕಿ ಎಲ್ಲೆಡೆ ಉಲ್ಲೇಖವಾಗುತ್ತದೆ. ಇದು ವಾತಾವರಣದ ಒತ್ತಡದಲ್ಲಿ ಅಳೆದ ಗಾತ್ರ. 500 ಮೀಟರ್ ಆಳದಲ್ಲಿ ಒತ್ತಡ ಐವತ್ತು ಪಟ್ಟು ಹೆಚ್ಚಿರುವುದರಿಂದ ಅದೇ ಅನಿಲ ಅಲ್ಲಿ ಆಕ್ರಮಿಸುವ ಜಾಗ ಸುಮಾರು 3 ಘನಮೀಟರ್ ಮಾತ್ರ, ಜೊತೆಗೆ 0.8 ಘನಮೀಟರ್ ನೀರು. ಇದೇನೂ ಚಿಕ್ಕದಲ್ಲ, ಆದರೆ ಸ್ಫೋಟದ ಕಲ್ಪನೆಗೆ ಇದು ಎಡೆಗೊಡುವುದಿಲ್ಲ.

ಹೀಗೆ ಹೆಚ್ಚಾದ ಗಾತ್ರಕ್ಕೆ ಹೋಗಲು ದಾರಿ ಇದೆಯೇ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಮರಳಿನ ಪದರವಾದರೆ ಅನಿಲವೂ ನೀರೂ ಹರಿದುಹೋಗುತ್ತವೆ. ಮೇಲೆ ನೀರು ಸುಲಭವಾಗಿ ಹಾಯಲಾಗದ ನುಣ್ಣನೆಯ ಜೇಡಿ ಮುಚ್ಚಿಕೊಂಡಿದ್ದರೆ ಕಣಗಳ ನಡುವಿನ ರಂಧ್ರಗಳಲ್ಲಿ ಒತ್ತಡ ಏರುತ್ತದೆ. ಹೂಳಿನ ತೂಕವನ್ನು ಕಣಗಳ ಬದಲು ಈ ರಂಧ್ರ ಒತ್ತಡ ಹೊತ್ತಷ್ಟೂ ಕಣಗಳ ನಡುವಿನ ಘರ್ಷಣೆ ಕುಗ್ಗುತ್ತದೆ. ಎಷ್ಟು ಕುಗ್ಗಬೇಕು? ಸಾಗರತಳದ ದೊಡ್ಡ ಕುಸಿತಗಳು ನಡೆದಿರುವುದು ಹಲವೆಡೆ ಒಂದೆರಡು ಡಿಗ್ರಿಯ ಇಳಿಜಾರಿನಲ್ಲಿ, ನಿಂತು ನೋಡಿದರೆ ಸಮತಟ್ಟು ಎನ್ನಿಸುವಂಥಲ್ಲಿ. ಒಂದು ಡಿಗ್ರಿಯ ಇಳಿಜಾರು, 25 ಡಿಗ್ರಿ ಘರ್ಷಣಕೋನದ (ಕಣಗಳ ನಡುವಿನ ಘರ್ಷಣೆ ಎಷ್ಟೆಂದು ಹೇಳುವ ಕೋನ) ಹೂಳು ಎಂದಿಟ್ಟುಕೊಂಡು ಸರಳ ಸೂತ್ರದಲ್ಲಿ ಲೆಕ್ಕ ಮಾಡಿದರೆ, ನೀರಿನಲ್ಲಿ ಮುಳುಗಿದ ಹೂಳಿನ ತೂಕದ ಸುಮಾರು ಶೇ. 96ರಷ್ಟನ್ನು ಹೆಚ್ಚುವರಿ ರಂಧ್ರ ಒತ್ತಡವೇ ಹೊರಬೇಕಾಗುತ್ತದೆ. ಭೂಕಂಪದ ಕುಲುಕಾಟವಿಲ್ಲದೆ, ಹೈಡ್ರೇಟ್ ಒಡೆಯುವುದೊಂದರಿಂದಲೇ ಅಷ್ಟು ಒತ್ತಡ ಹುಟ್ಟಿಸುವುದು ಸುಲಭದ ಮಾತಲ್ಲ.

ಹೈಡ್ರೇಟ್ ಒಡೆಯುವ ವೇಗಕ್ಕೂ ಕಡಿವಾಣವಿದೆ. ಒಡೆಯುವಾಗ ಅದು ಸುತ್ತಲಿನ ಶಾಖವನ್ನು ಹೀರುತ್ತದೆ, ಅಷ್ಟೇ ತೂಕದ ಮಂಜುಗಡ್ಡೆ ಕರಗುವುದಕ್ಕಿಂತಲೂ ಹೆಚ್ಚು. ಹೀಗಾಗಿ ತಾನು ತಣ್ಣಗಾಗಿ, ಏರಿದ ಒತ್ತಡಕ್ಕೆ ಸಿಲುಕಿ, ತನ್ನ ವಿಭಜನೆಯನ್ನು ತಾನೇ ತಡೆಯುತ್ತದೆ. ತಳದ ನೀರು ಬಿಸಿಯಾದರೂ ಆ ಬಿಸಿ ನೂರು ಮೀಟರ್ ಹೂಳನ್ನು ದಾಟಿ ಕೆಳಗಡಿಯನ್ನು ತಲುಪಲು ನೂರಾರು ವರ್ಷ ಬೇಕು. ಬೇಗ ಸ್ಪಂದಿಸುವುದು ಇಳಿಜಾರಿನ ಮೇಲ್ಭಾಗದ ಕಡಿಮೆ ಆಳದಲ್ಲಿ ವಲಯ ತೆಳುವಾಗುತ್ತಾ ಬಂದು ಮುಗಿಯುವ ಮೇಲಂಚು ಮಾತ್ರ.

ನಾರ್ವೆಯ ಕರಾವಳಿಯಾಚೆ ಸುಮಾರು 8,200 ವರ್ಷಗಳ ಹಿಂದೆ ನಡೆದ ಸ್ಟೊರೆಗ್ಗಾ ಕುಸಿತವನ್ನು ಬಹುಕಾಲ ಹೈಡ್ರೇಟ್‌ನ ತಲೆಗೆ ಕಟ್ಟಲಾಗಿತ್ತು. ಸುಮಾರು 3,000 ಘನ ಕಿಲೋಮೀಟರ್ ಹೂಳು ಜಾರಿತು; ಅದೆಬ್ಬಿಸಿದ ಸುನಾಮಿಯ ಮರಳು ಸ್ಕಾಟ್ಲೆಂಡ್ ಮತ್ತು ಶೆಟ್‌ಲ್ಯಾಂಡ್‌ನ ನೆಲದಲ್ಲಿ ಇಂದಿಗೂ ಸಿಗುತ್ತದೆ. ಆ ಕುಸಿತದ ಗಾಯದೊಳಗೇ ಇರುವ ಓರ್ಮೆನ್ ಲಾಂಗೆ ಅನಿಲ ನಿಕ್ಷೇಪವನ್ನು ಬಳಸಬೇಕಾಗಿ ಬಂದಾಗ ಈ ಊಹೆಯನ್ನು ಒರೆಗೆ ಹಚ್ಚಲೇಬೇಕಾಯಿತು. ಹಿಮಯುಗದಲ್ಲಿ ಹಿಮಹಾಸು ತಂದು ಸುರಿದ ಹೂಳು ಕೆಳಗಿನ ಮೆತ್ತನೆಯ ಕಡಲ ಜೇಡಿಯನ್ನು ಅವಸರವಾಗಿ ಅದುಮಿದ್ದು, ಅದರ ನೀರು ಹೊರಬರಲಾಗದೆ ಒತ್ತಡ ಕಟ್ಟಿದ್ದು, ಕೊನೆಗೆ ಭೂಕಂಪವೊಂದು ಅದನ್ನು ಕದಲಿಸಿದ್ದು, ಇವೇ ಮುಖ್ಯ ಕಾರಣಗಳೆಂಬ ತೀರ್ಮಾನಕ್ಕೆ ಅಧ್ಯಯನಗಳು ಬಂದವು. ಕುಸಿತ ಶುರುವಾದದ್ದು ಇಳಿಜಾರಿನ ಕೆಳಭಾಗದಲ್ಲಿ, ಆಮೇಲೆ ಹಂತಹಂತವಾಗಿ ಮೇಲಕ್ಕೆ ಹಬ್ಬಿತು ಎಂಬ ಅಂಶ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಹೈಡ್ರೇಟ್ ಸುಲಭವಾಗಿ ಒಡೆಯುವುದು ಮೇಲಂಚಿನಲ್ಲಿ; ಆಳದಲ್ಲಲ್ಲ. ನಿಕ್ಷೇಪದಿಂದ 2007ರಲ್ಲಿ ಉತ್ಪಾದನೆ ಆರಂಭವಾಯಿತು.

ಹಾಗೆಂದು ಹೈಡ್ರೇಟ್ ನಿರಪರಾಧಿ ಎನ್ನುತ್ತಿಲ್ಲ. ಮರಳಿನಲ್ಲಿ ಅದು ಕಣಗಳನ್ನು ಬೆಸೆದು ಬಲ ಕೊಡುತ್ತದೆ, ಒಡೆದಾಗ ಆ ಬೆಸುಗೆಯೂ ಹೋಗುತ್ತದೆ. ಜೇಡಿಯಲ್ಲಿ ಬಿರುಕುಗಳೊಳಗೆ ಬಿಳಿ ಎಳೆಗಳಾಗಿ, ಗಂಟುಗಳಾಗಿ ಬೆಳೆಯುತ್ತದೆ. ಇವುಗಳ ವರ್ತನೆಯನ್ನು ಲೆಕ್ಕಕ್ಕೆ ತರುವುದು ಇನ್ನೂ ಕಷ್ಟ. ಅದರ ಮಾದರಿಯೂ ಪ್ರಯೋಗಾಲಯದವರೆಗೆ ಕೆಡದೆ ಬರುವುದಿಲ್ಲ. ಮಾದರಿ ತುಂಬಿದ ಕೊಳವೆ ಹಡಗಿನ ಅಟ್ಟಕ್ಕೆ ಬರುವಷ್ಟರಲ್ಲಿ ಒತ್ತಡ ಇಳಿದು, ಹೂಳು ಗುಳ್ಳೆಯೆದ್ದು ಕೊಳವೆಯ ತುದಿಯಿಂದ ಉಕ್ಕುತ್ತಿರುತ್ತದೆ. ಹೈಡ್ರೇಟ್ ಇದ್ದ ಕಡೆ ಶಾಖ ಹೀರಿ ತಣ್ಣಗಾಗಿರುವುದರಿಂದ ಅವಕೆಂಪು ಕ್ಯಾಮೆರಾದಲ್ಲಿ ಗಾಢ ಪಟ್ಟೆಗಳು ಕಾಣುತ್ತವೆ, ಕೊಳವೆ ಬಿಚ್ಚಿದಾಗ ಅಲ್ಲಿ ಗಂಜಿಯಂಥ ಕೆಸರಷ್ಟೇ ಉಳಿದಿರುತ್ತದೆ. ಆ ಕೆಸರಿನ ಬಲವನ್ನು ಅಳೆದು ಇಳಿಜಾರಿನ ಬಲವೆಂದು ವರದಿಯಲ್ಲಿ ಬರೆದಿರುವುದನ್ನು ಕಂಡಾಗಲೆಲ್ಲ ನಾನು ಆ ಅಂಕಿಯನ್ನು ಬದಿಗಿಡುತ್ತೇನೆ. ಒತ್ತಡ ಬಿಡದೆ ಮಾದರಿ ತೆಗೆಯುವ ಉಪಕರಣಗಳಿವೆ. ಅವು ದುಬಾರಿ, ಬೇಕಾದಾಗಲೆಲ್ಲ ಸಿಗುವುದೂ ಇಲ್ಲ. ತಳದಲ್ಲೇ ಮೊನೆ ಇಳಿಸಿ ಬಲ ಅಳೆಯುವುದು, ರಂಧ್ರ ಒತ್ತಡಮಾಪಕವನ್ನು ಜೇಡಿಯಲ್ಲಿ ನೆಟ್ಟು ಅಂಕಿ ಸ್ಥಿರವಾಗುವವರೆಗೆ ಬಿಡುವುದು, ಇವೆರಡಿಲ್ಲದೆ ನಾನು ಸುರಕ್ಷತಾ ಗುಣಾಂಕಕ್ಕೆ, ಅಂದರೆ ಜಾರಿಸುವ ಬಲಕ್ಕಿಂತ ತಡೆಯುವ ಬಲ ಎಷ್ಟು ಪಟ್ಟು ಎಂಬ ಅಂಕಿಗೆ, ಸಹಿ ಹಾಕುವುದಿಲ್ಲ.

ನನ್ನ ಮಟ್ಟಿಗೆ ಹೆಚ್ಚು ಆತಂಕ ಬಾವಿಯ ಸುತ್ತಲಿನದು. ಆಳದ ಬಿಸಿ ಎಣ್ಣೆ ವರ್ಷಗಟ್ಟಲೆ ಹೈಡ್ರೇಟ್ ಪದರದ ಮೂಲಕ ಮೇಲೇರಿದರೆ, ಹವಾಮಾನ ಶತಮಾನಗಳಲ್ಲಿ ಮಾಡುವ ಕೆಲಸವನ್ನು ಕೊಳವೆಯ ಸುತ್ತಲ ಕೆಲವೇ ಮೀಟರ್‌ಗಳಲ್ಲಿ ಅದು ಬೇಗನೆ ಮಾಡಿ ಮುಗಿಸುತ್ತದೆ. ಇಡೀ ಇಳಿಜಾರು ಜಾರದಿರಬಹುದು. ಬಾವಿಯ ಮೇಲ್ಭಾಗಕ್ಕೆ ಆಸರೆಯಾದ ಮಣ್ಣು ಸಡಿಲವಾದರೆ, ಬಾವಿಗೆ ತೊಡಿಸಿದ ಉಕ್ಕಿನ ಕವಚದ ಹೊರಬದಿಯಲ್ಲಿ ಅನಿಲ ದಾರಿ ಮಾಡಿಕೊಂಡರೆ, ಹಾನಿಗೆ ಅಷ್ಟೇ ಸಾಕು. ಆದ್ದರಿಂದ ಇಂಥಲ್ಲಿ ಶಾಖನಿರೋಧಕ ಕೊಳವೆ ಬಳಸಬೇಕೆಂದೂ, ಸಾಧ್ಯವಾದರೆ ಬಾವಿಯ ಜಾಗವನ್ನು ಹೈಡ್ರೇಟ್ ದಟ್ಟವಾಗಿರುವ ಭಾಗದಿಂದ ಸರಿಸಬೇಕೆಂದೂ ವಿನ್ಯಾಸದ ಮೊದಲ ಹಂತದಲ್ಲೇ ಬರೆದುಕೊಡುತ್ತೇನೆ. ಕೊರೆಯುವ ಹಡಗು ಹೊರಟ ಮೇಲೆ ಜಾಗ ಬದಲಿಸಲು ಯಾರೂ ಒಪ್ಪುವುದಿಲ್ಲ.