ಬೂಷ್ಟು ಹಿಡಿದ ಅಕ್ಕಿ, ಮೊಟ್ಟೆ ಇಡುವ ಕೋಳಿ ಮತ್ತು ಅಕಿರಾ ಎಂಡೋ

"ಕೊಲೆಸ್ಟರಾಲ್ ಮಾತ್ರೆ ಬೇಡಪ್ಪ, ಅದೆಲ್ಲ ಕೆಮಿಕಲ್, ನಾನು ನೈಸರ್ಗಿಕವಾದದ್ದನ್ನೇ ತಗೊಳ್ತೀನಿ" ಎನ್ನುವವರು ಸಿಕ್ಕಾಗಲೆಲ್ಲ ನನಗೆ ಜಪಾನಿನ ವಿಜ್ಞಾನಿ ಅಕಿರಾ ಎಂಡೋ ನೆನಪಾಗುತ್ತಾರೆ. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳ ವಂಶ ಶುರುವಾದದ್ದೇ ಅಕ್ಕಿಗೆ ಹಿಡಿದ ಬೂಷ್ಟಿನಿಂದ. ಇನ್ನೆಷ್ಟು ನೈಸರ್ಗಿಕ ಬೇಕು ಹೇಳಿ?

ಎಂಡೋ ಹುಟ್ಟಿದ್ದು 1933ರಲ್ಲಿ, ಜಪಾನಿನ ಅಕಿತಾ ಪ್ರಾಂತ್ಯದ ಒಂದು ರೈತರ ಮನೆಯಲ್ಲಿ. ಆ ಕಡೆ ಒಂದು ಅಣಬೆ ಇದೆ. ಅದನ್ನು ನೆಕ್ಕಿದ ನೊಣ ಸಾಯುತ್ತದೆ, ಮನುಷ್ಯ ಸಾಯುವುದಿಲ್ಲ. ಯಾಕೆ ಹೀಗೆ ಅಂತ ಹೈಸ್ಕೂಲಿನಲ್ಲೇ ಅವರ ತಲೆಗೆ ಹುಳ ಬಿಟ್ಟದ್ದು ಈ ಅಣಬೆ. 1957ರಲ್ಲಿ ಸಾಂಕ್ಯೋ ಎಂಬ ಔಷಧ ಕಂಪನಿ ಸೇರಿದರು. ಮೊದಲ ಕೆಲಸ, ಹಣ್ಣಿನ ರಸ ತಿಳಿಯಾಗಿಸುವ ಕಿಣ್ವವನ್ನು ಶಿಲೀಂಧ್ರಗಳಲ್ಲಿ ಹುಡುಕುವುದು. ಅದನ್ನೂ ಹುಡುಕಿಕೊಟ್ಟರು. ಆಮೇಲೆ ಎರಡು ವರ್ಷ ನ್ಯೂಯಾರ್ಕ್. ಅಲ್ಲಿನ ಹೃದ್ರೋಗ ನೋಡಿದ ಮೇಲೆ ಕೊಲೆಸ್ಟರಾಲ್ ಬೆನ್ನು ಹತ್ತಿದರು.

ಅವರ ತರ್ಕ ಸರಳ. ಬೂಷ್ಟಿಗೆ ಕಾಲಿಲ್ಲ, ಓಡಲಾರದು. ಹಲ್ಲಿಲ್ಲ, ಕಚ್ಚಲಾರದು. ಪಕ್ಕದಲ್ಲಿ ಬೆಳೆಯುವ ವೈರಿಯನ್ನು ತಡೆಯೋಕೆ ಅದಕ್ಕಿರುವ ದಾರಿ ವಿಷ ಉಗುಳುವುದೊಂದೇ. ಆ ವೈರಿಗಳಲ್ಲಿ ಎಷ್ಟೋ ಜೀವಿಗಳಿಗೆ ಕೊಲೆಸ್ಟರಾಲ್‌ನ ನಂಟಿನ ಸ್ಟೆರಾಲ್‌ಗಳು ಬೇಕೇ ಬೇಕು. ಹಾಗಾದರೆ ಸ್ಟೆರಾಲ್ ತಯಾರಿಕೆಗೇ ಕೈ ಹಾಕುವ ವಿಷ ಯಾವುದೋ ಬೂಷ್ಟಿನಲ್ಲಿ ಇರಲೇಬೇಕಲ್ವಾ? 1971ರಲ್ಲಿ ಹುಡುಕಾಟ ಶುರು. ಎರಡು ವರ್ಷ, ಸುಮಾರು 6000 ತಳಿ. ಮೊದಲು ಸಿಕ್ಕಿದ್ದು ಸಿಟ್ರಿನಿನ್. ಕೆಲಸವೇನೋ ಮಾಡುತ್ತಿತ್ತು, ಆದರೆ ಮೂತ್ರಪಿಂಡಕ್ಕೆ ವಿಷ. ಅದನ್ನು ಬಿಟ್ಟರು. ಆಮೇಲೆ ಕ್ಯೋಟೋದ ಧಾನ್ಯದಂಗಡಿಯೊಂದರ ಅಕ್ಕಿಯಲ್ಲಿದ್ದ ಪೆನಿಸಿಲಿಯಂ ಎಂಬ ನೀಲಿ-ಹಸಿರು ಬೂಷ್ಟಿನಲ್ಲಿ 1973ರಲ್ಲಿ ಕಾಂಪ್ಯಾಕ್ಟಿನ್ ಸಿಕ್ಕಿತು, ಅದೇ ಮೊದಲ ಸ್ಟಾಟಿನ್.

ಇದು ಮಾಡುವ ಕೆಲಸ ನೋಡಿದರೆ ಎಂಥವರಿಗೂ ಖುಷಿಯಾಗಬೇಕು. ಯಕೃತ್ತಿನಲ್ಲಿ ಕೊಲೆಸ್ಟರಾಲ್ ತಯಾರಿಸುವ ಸಾಲಿನಲ್ಲಿ ಎಚ್‌ಎಂಜಿ-ಕೋಎ ರಿಡಕ್ಟೇಸ್ ಎಂಬ ಕಿಣ್ವ ಇದೆ. ಇಡೀ ಸಾಲಿನ ವೇಗ ಅದರ ಕೈಯಲ್ಲಿ. ಕಾಂಪ್ಯಾಕ್ಟಿನ್‌ನ ಒಂದು ತುದಿ ಈ ಕಿಣ್ವದ ಕಚ್ಚಾವಸ್ತುವಿನ ತದ್ರೂಪು. ಬೀಗದಲ್ಲಿ ಸಿಕ್ಕಿಕೊಂಡ ಕಳ್ಳ ಕೀಲಿಯ ಹಾಗೆ, ತಿರುಗೋದೂ ಇಲ್ಲ, ಅಸಲಿ ಕೀಲಿಗೆ ಜಾಗ ಬಿಡೋದೂ ಇಲ್ಲ. ಮಜಾ ಇರೋದು ಆಮೇಲೆ. ಮನೆಯ ಬಾವಿ ಬತ್ತಿದರೆ ಏನು ಮಾಡ್ತೀವಿ? ಇರುವ ಕೊಡಗಳನ್ನೆಲ್ಲ ಹೊತ್ತುಕೊಂಡು ಬೀದಿ ನಲ್ಲಿಗೆ ಹೋಗ್ತೀವಿ. ಯಕೃತ್ತಿನ ಜೀವಕೋಶವೂ ಹಾಗೇ, ಒಳಗೆ ಕೊರತೆ ಬಿದ್ದ ಕೂಡಲೇ ತನ್ನ ಮೈಮೇಲೆ ಎಲ್‌ಡಿಎಲ್ (ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತು ತಿರುಗುವ ಕಣ) ಹಿಡಿಯುವ ಗ್ರಾಹಕಗಳನ್ನು ಜಾಸ್ತಿ ಮಾಡಿ ರಕ್ತದಿಂದ ಕೊಲೆಸ್ಟರಾಲ್ ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಎಲ್‌ಡಿಎಲ್ ಇಳಿಯುವುದಕ್ಕೆ ಮುಖ್ಯ ಕಾರಣ ಇದೇ. ಈ ಗ್ರಾಹಕಗಳನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಬಂತು. ಎಂಡೋಗೆ ಬರಲಿಲ್ಲ, ಆ ಬೇಜಾರು ನನಗೆ ಇನ್ನೂ ಇದೆ.

ಇಷ್ಟಾದರೂ ಇಲಿಗಳಲ್ಲಿ ಔಷಧ ಸುತರಾಂ ಕೆಲಸ ಮಾಡಲಿಲ್ಲ! ಇಲಿಯ ಯಕೃತ್ತು ಆ ಕಿಣ್ವವನ್ನೇ ಹೆಚ್ಚೆಚ್ಚು ತಯಾರಿಸಿ ನಷ್ಟ ತುಂಬಿಕೊಳ್ಳುತ್ತಿತ್ತು. ಯೋಜನೆ ಮುಚ್ಚುವ ಹಂತಕ್ಕೆ ಬಂತು. 1976ರಲ್ಲಿ ಒಂದು ಸಂಜೆ ಬಾರಿನಲ್ಲಿ ಸಹೋದ್ಯೋಗಿಯೊಬ್ಬರು ಸಿಕ್ಕರು. ಅವರು ತಮ್ಮ ಪ್ರಯೋಗಕ್ಕೆ ಮೊಟ್ಟೆ ಇಡುವ ಕೋಳಿ ಸಾಕಿದ್ದರು. ಮೊಟ್ಟೆಯ ಹಳದಿಯಲ್ಲಿ ಅಷ್ಟೊಂದು ಕೊಲೆಸ್ಟರಾಲ್ ಇದ್ದ ಮೇಲೆ ಕೋಳಿಯ ರಕ್ತದಲ್ಲೂ ಇರಬೇಕಲ್ಲ ಅಂತ ಎಂಡೋಗೆ ಹೊಳೆಯಿತು, ಕೋಳಿ ಕೇಳಿದರು. ಔಷಧ ತಿಂದ ಕೋಳಿಗಳಲ್ಲಿ ಕೊಲೆಸ್ಟರಾಲ್ ಹತ್ತಿರಹತ್ತಿರ ಅರ್ಧಕ್ಕಿಳಿಯಿತು.

1978ರಲ್ಲಿ ಮೊದಲ ರೋಗಿಗೆ ಕೊಟ್ಟರು. ನಾಯಿಗಳ ಮೇಲಿನ ಪರೀಕ್ಷೆಯಲ್ಲಿ ಅನುಮಾನ ಬಂದು 1980ರಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. ಮಾರುಕಟ್ಟೆಗೆ ಮೊದಲು ಬಂದ ಸ್ಟಾಟಿನ್, 1987ರಲ್ಲಿ, ಅಮೆರಿಕದ ಮರ್ಕ್ ಕಂಪನಿಯ ಲೋವಾಸ್ಟಾಟಿನ್. ಅದೂ ಬೂಷ್ಟಿನದ್ದೇ.

ಅಷ್ಟರೊಳಗೆ ಎಂಡೋ ಕಂಪನಿ ಬಿಟ್ಟು ಟೋಕಿಯೋದ ಕೃಷಿ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ ಸೇರಿದ್ದರು. 1979ರಲ್ಲಿ ಅಲ್ಲಿ ಮೊನಾಸ್ಕಸ್ ಎಂಬ ಕೆಂಪು ಶಿಲೀಂಧ್ರದಿಂದ ಮೊನಾಕೋಲಿನ್-ಕೆ ತೆಗೆದರು. ಆಮೇಲೆ ಗೊತ್ತಾಯಿತು, ಅದು ಲೋವಾಸ್ಟಾಟಿನ್ ಅಣುವೇ.

ಇದೇ ಮೊನಾಸ್ಕಸ್ ಬೆಳೆಸಿ ಕೆಂಪಾಗಿಸಿದ ಅಕ್ಕಿಯನ್ನು ಈಗ ಕ್ಯಾಪ್ಸೂಲ್‌ನಲ್ಲಿ ತುಂಬಿ "ನೈಸರ್ಗಿಕ, ಸ್ಟಾಟಿನ್ ಬೇಡವಾದವರಿಗೆ" ಅಂತ ಮಾರುತ್ತಾರೆ. ಕೊಲೆಸ್ಟರಾಲ್ ಇಳಿಸುವ ಅಣು ಅದೇ, ಆದರೆ ಒಂದೊಂದು ತಯಾರಿಯಲ್ಲಿ ಒಂದೊಂದು ಪ್ರಮಾಣ. ಕೆಲವು ತಯಾರಿಗಳಲ್ಲಿ ಅದರ ಜೊತೆಗೆ ಇನ್ನೊಂದು ವಸ್ತುವೂ ಪತ್ತೆಯಾಗಿದೆ. ಎಂಡೋ ಬಿಟ್ಟುಬಂದಿದ್ದ ಅದೇ ಸಿಟ್ರಿನಿನ್.